ಮುಚ್ಚಳಿಕೆ ಬರೆಸಿಕೊಂಡ ಬೇಸಿಗೆ

ನಿಮ್ಮ ಬೀದಿಯ ಒಂದು ಮಗುವಿಗೆ ಅನ್ಯಾಯ ನಡೆಯುತ್ತಿರುವುದು ನಿಮಗೊಬ್ಬರಿಗೇ ಗೊತ್ತಾಯಿತು ಎಂದಿಟ್ಟುಕೊಳ್ಳಿ. ಅದನ್ನು ಅಧಿಕಾರಿಗಳಿಗೆ ತಿಳಿಸುವ ಮುನ್ನ ನೀವು ಯಾರಿಗೆ ಹೆದರುತ್ತೀರಿ? ಮಗುವಿನ ಅಪ್ಪನಿಗೋ, ನೆರೆಹೊರೆಯವರಿಗೋ, ಪೊಲೀಸ್ ಠಾಣೆಯ ಮೆಟ್ಟಿಲಿಗೋ? ಈ ಪ್ರಶ್ನೆಯನ್ನು ನಾನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ಬರುವ ಉತ್ತರಗಳೆಲ್ಲ ಈ ಮೂರರಲ್ಲೇ ಮುಗಿಯುತ್ತವೆ. ನಾಲ್ಕನೆಯ ಉತ್ತರವೊಂದಿದೆ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು: ನಿಮ್ಮ ದೂರನ್ನು ಕೇಳಿಸಿಕೊಳ್ಳುವ ನನ್ನಂಥವರಿಗೂ ನೀವು ಹೆದರಬೇಕಾಗಿ ಬರಬಹುದು.

ಕಳೆದ ತಿಂಗಳು ಬೆಂಗಳೂರಿನ ಉತ್ತರದಂಚಿನ ಸಿಂಗಾಪುರದ ಶಾಲೆಯೊಂದಕ್ಕೆ ಮಕ್ಕಳ ಹಕ್ಕುಗಳ ಬಗ್ಗೆ ಮಾತನಾಡಲು ಹೋಗಿದ್ದೆ. ವಿದ್ಯಾರಣ್ಯಪುರ ದಾಟಿ ಬಸ್ಸಿಳಿದು, ಹಳೆಯ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೆನಷ್ಟೆ. ಪಕ್ಕದ ಮಳಿಗೆಯಿಂದ ಹೊಲಿಗೆ ಯಂತ್ರದ ಎಣ್ಣೆ, ಗಂಜಿ ಬಿಡದ ಹೊಸ ಬಟ್ಟೆ, ಇಸ್ತ್ರಿಪೆಟ್ಟಿಗೆಯ ಬಿಸಿ, ಮೂರೂ ಕೂಡಿದ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಕಾಲು ಮುಂದಕ್ಕೆ ಬರಲಿಲ್ಲ. ಒಳಗಿದ್ದ ಹೊಸ ದರ್ಜಿ ಕತ್ತು ಹೊರಗೆ ಹಾಕಿ, "ಏನ್ ಮೇಡಂ, ಅಳತೆ ಬ್ಲೌಸ್ ತಂದಿದ್ದೀರಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿ ಹೊರಟೆ. ಅಂದು ಶಾಲೆಯಲ್ಲಿ ನಾನು ಆಡಿದ ಮಾತುಗಳಲ್ಲಿ ಒಂದಕ್ಕೊಂದು ಸಂಬಂಧವಿರಲಿಲ್ಲ. ನನ್ನ ಮನಸ್ಸು ಅದೇ ರಸ್ತೆಯ ಮೂರು ವರ್ಷ ಹಿಂದಿನ ಬೇಸಿಗೆಯಲ್ಲಿತ್ತು.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮಕ್ಕಳ ರಕ್ಷಣೆಯ ಸರ್ಕಾರಿ ಘಟಕವೊಂದರಲ್ಲಿ ಗುತ್ತಿಗೆಯ ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿ ಐದು ತಿಂಗಳಾಗಿತ್ತು. ಯಲಹಂಕದ ಸುತ್ತಿನ ಹಳೆಯ ಊರುಗಳೂ ಅವುಗಳನ್ನು ನುಂಗಿ ಬೆಳೆದ ಬಡಾವಣೆಗಳೂ ನನ್ನ ಪಾಲಿಗೆ ಬಂದಿದ್ದವು. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಯ ಪರ್ಯಾಯ ಪಾರಿತೋಷಕವನ್ನು ನಮ್ಮ ಕಾಲೇಜಿನಿಂದ ಹೊರಗೆ ಹೋಗಲು ಬಿಡದವಳು ನಾನು. ಎದುರಾಳಿಯ ಬಾಯಿಂದ ಬಂದ ಮಾತಿನಿಂದಲೇ ಎದುರಾಳಿಯನ್ನು ಕಟ್ಟಿಹಾಕಬೇಕು, ಅದಕ್ಕಿಂತ ದೊಡ್ಡ ಗೆಲುವಿಲ್ಲ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಬಾಲ್ಯವಿವಾಹ ನಿಷೇಧ ಕಾಯ್ದೆ, ಬಾಲನ್ಯಾಯ ಕಾಯ್ದೆ ಎರಡನ್ನೂ ಓದಿಕೊಂಡು, ಸತ್ಯ ನನ್ನ ಕಡೆಯಿದೆ, ಇನ್ನೇನು ಬೇಕು ಎಂದುಕೊಂಡು ಊರೂರು ತಿರುಗುತ್ತಿದ್ದೆ.

ನನ್ನ ಜೊತೆ ಬರುತ್ತಿದ್ದವರು ಮಂಜುಳಾ ಮೇಡಂ. ಇಪ್ಪತ್ತಕ್ಕೂ ಹೆಚ್ಚು ಅಂಗನವಾಡಿಗಳ ಮೇಲ್ವಿಚಾರಣೆ ಅವರ ಮುಖ್ಯ ಕೆಲಸ. ಆ ವ್ಯಾಪ್ತಿಯಲ್ಲಿ ಬಾಲ್ಯವಿವಾಹ ತಡೆಯುವ ಅಧಿಕಾರವೂ ಅವರ ಹೆಗಲಿಗೇ ಬಿದ್ದಿತ್ತು. ಮೊಟ್ಟೆಯ ದಾಸ್ತಾನು, ಲಸಿಕೆಯ ಪಟ್ಟಿ, ಚುನಾವಣೆಯ ಕೆಲಸ ಎಲ್ಲದರ ನಡುವೆ ಬಿಡುವು ಸಿಕ್ಕರೆ ಮದುವೆ ನಿಲ್ಲಿಸಬೇಕು. ಮಂಡಿನೋವು ಬೇರೆ. ನನ್ನನ್ನು ಅವರು ಕರೆಯುತ್ತಿದ್ದುದೇ "ವಕೀಲಮ್ಮ" ಎಂದು.

"ವಕೀಲಮ್ಮಾ, ಸೆಕ್ಷನ್ನು ಆಮೇಲೆ ಹೇಳುವಂತೆ. ಮೊದ್ಲು ಅವ್ರ ಮನೇಲಿ ಒಂದ್ಲೋಟ ನೀರು ಕೇಳಿ ಕುಡಿ. ನೀರು ಕೊಟ್ಟೋರು ಬಾಗ್ಲು ಹಾಕಲ್ಲ," ಎಂದು ಬುದ್ಧಿ ಹೇಳುತ್ತಿದ್ದರು. ನನಗೆ ಅದು ಹಳೆಯ ಕಾಲದವರ ಮೆತ್ತಗಿನ ಉಪಾಯವೆಂದು ತೋರುತ್ತಿತ್ತು.

ಆ ಜನವರಿಯಲ್ಲಿ ಪುಟ್ಟೇನಹಳ್ಳಿಯ ಕೆರೆಯ ಮೇಲೆ ಬೆಳಗಿನ ಒಂಬತ್ತಾದರೂ ಮಂಜು ಕರಗುತ್ತಿರಲಿಲ್ಲ. ಸ್ವೆಟರ್ ಹಾಕಿಕೊಂಡು, ಮಕ್ಕಳ ಸಹಾಯವಾಣಿಯ ಕರಪತ್ರ ಹಿಡಿದು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋದೆವು. ಬಹಳ ಮಂದಿ ಅದನ್ನು ಮಡಚಿ ತಕ್ಕಡಿಯ ಕೆಳಗೆ ಸೇರಿಸಿದರು. ಸಿಂಗಾಪುರದ ಹಳೆಯ ಊರಿಗೆ ತಿರುಗುವಲ್ಲಿ ಮೂರು ಮಳಿಗೆಗಳ ಸಾಲಿತ್ತು; ಅದರಲ್ಲಿ ಕೊನೆಯದು ಜುಬೇದಾ ಆಪಾ ಅವರ ಹೊಲಿಗೆ ಅಂಗಡಿ. ಆ ಊರಿನ ಹೆಂಗಸರೆಲ್ಲರ ರವಿಕೆ ಹೊಲಿಯುತ್ತಿದ್ದವರು ಅವರೇ. ಎಲ್ಲ ಜಾತಿಯವರ ಬಾಯಲ್ಲೂ ಅವರು ಆಪಾ, ಅಂದರೆ ಅಕ್ಕ. ಅವರು ಮಾತ್ರ ಕರಪತ್ರವನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, ಅದರ ಹಿಂದೆ ನನ್ನ ನಂಬರು ಬರೆಸಿಕೊಂಡರು.

ಫೆಬ್ರವರಿ ಮೊದಲ ವಾರದಲ್ಲಿ ಅವರ ಫೋನು ಬಂತು. "ಬೇಟಾ, ಒಂದ್ಸಲ ಅಂಗಡಿಗೆ ಬಂದು ಹೋಗು. ಫೋನಲ್ಲಿ ಬೇಡ."

ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ಎರಡು ಸಲ ನೋಡಿಕೊಂಡು, ಕಪಾಟಿನಿಂದ ಒಂದು ರೇಷ್ಮೆ ಸೀರೆಯ ತುಂಡು ತೆಗೆದು ಮೇಜಿನ ಮೇಲಿಟ್ಟರು. ಕುಂಕುಮ ಬಣ್ಣಕ್ಕೆ ಜರಿಯ ಅಂಚು.

"ಇದು ಯಾರಿಗೆ ಅಂದ್ಕೊಂಡೆ? ಟೆನ್ತ್ ಓದೋ ಮಗೂಗೆ. ಹಳೇ ಊರಿನ ನಾರಾಯಣಪ್ಪ ಇಲ್ವಾ, ನೀರಿನ ಟ್ಯಾಂಕರ್ ಓಡಿಸ್ತಾರಲ್ಲ, ಅವ್ರ ಮಗಳು. ಅವರಮ್ಮ ಬಂದು ಅಳತೆ ಕೊಡಿಸಿ, ಮಗಳನ್ನ ಮನೆಗೆ ಕಳಿಸ್ಬಿಟ್ಟು ಏನ್ ಹೇಳಿದ್ಲು ಗೊತ್ತಾ? 'ಆಪಾ, ಒಳಗಡೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಡಿ, ಇನ್ನೂ ಬೆಳೀತಾಳೆ' ಅಂದ್ಲು. ಇಷ್ಟು ವರ್ಷದಿಂದ ಮದುವೆ ಬ್ಲೌಸ್ ಹೊಲೀತಿದ್ದೀನಿ. ಮದುವೆ ಹೆಣ್ಣು ಬೆಳೀತಾಳೆ ಅಂತ ಇವತ್ತಿನವರೆಗೂ ನಂಗೆ ಯಾರೂ ಹೇಳಿರ್ಲಿಲ್ಲ."

ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟು ಮುಂದುವರಿಸಿದರು. "ಹುಡುಗಿ ದಿನಾ ಟ್ಯೂಷನ್‌ಗೆ ಮುಂಚೆ ಇಲ್ಲೇ ಕೂತ್ಕೊಂಡು ಲೆಕ್ಕ ಮಾಡ್ತಾಳೆ, ಈ ಸ್ಟೂಲ್ ಮೇಲೆ. ನಿನ್ನೆ ಕೇಳ್ತಾಳೆ, 'ಆಪಾ, ತೋಳು ಟೈಟಾಗಿ ಹೊಲೀರಿ, ಕೈಯೇ ಹೋಗ್ಬಾರ್ದು. ಬ್ಲೌಸ್ ಸರಿಯಾಗ್ಲಿಲ್ಲ ಅಂದ್ರೆ ಪರೀಕ್ಷೆ ಆಗೋವರೆಗೂ ಮದುವೆ ಮುಂದಕ್ಕೆ ಹಾಕ್ತಾರೇನೋ' ಅಂತ. ಯಾ ಅಲ್ಲಾ! ನಗ್ಲಾ, ಅಳ್ಲಾ?"

ಆ ಹುಡುಗಿಯ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವಂತಿಲ್ಲ. ಚೈತ್ರಾ ಎನ್ನುತ್ತೇನೆ. ಉಳಿದ ಹೆಸರುಗಳೂ ಬದಲಿಸಿದವೇ. ಜುಬೇದಾ ಆಪಾ ಎಂದು ನಾನು ಕರೆಯುತ್ತಿರುವವರು ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

"ನಂದು ಹೆಸರು ಬರಬಾರ್ದು ಬೇಟಾ. ಈ ಮಳಿಗೆ ಅವ್ರ ದಾಯಾದಿಗಳದೇ. ಇದೇ ರೋಡಲ್ಲಿ ನಾನು ಬದುಕಬೇಕು."

"ಮಾಹಿತಿ ಕೊಟ್ಟವರ ಗುರುತು ಗುಟ್ಟಾಗಿಡ್ಬೇಕು ಅಂತ ಕಾನೂನೇ ಹೇಳುತ್ತೆ ಆಪಾ. ನಿಮಗೆ ರಕ್ಷಣೆ ಇದೆ."

"ಕಾನೂನು ಈ ರೋಡಿಗೆ ಬರುತ್ತಾ?"

"ನಾನು ಬರ್ತೀನಲ್ಲ," ಎಂದೆ. ಆ ಉತ್ತರ ಎಷ್ಟು ಚೆನ್ನಾಗಿದೆ ಎಂದು ನನಗೆ ನನ್ನ ಮೇಲೇ ಮೆಚ್ಚುಗೆಯಾಗಿತ್ತು.

ಮರುದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ದಾಖಲಾತಿ ಪುಸ್ತಕ ತೆಗೆಸಿದೆ. ಚೈತ್ರಾಗೆ ಹದಿನೈದು ತುಂಬಿ ನಾಲ್ಕು ತಿಂಗಳು. ಅವಳನ್ನು ಕರೆಸಿ ಒಬ್ಬಳೇ ಇರುವಾಗ ಮಾತನಾಡಿಸಿದೆ. ತೆಳ್ಳಗಿನ ಹುಡುಗಿ, ಎರಡು ಜಡೆ, ಬಲಗೈಯ ನಡುಬೆರಳಲ್ಲಿ ಪೆನ್ನಿನ ಗಂಟು. ರಫ್ ಪುಸ್ತಕದ ಹಿಂಬದಿಯಲ್ಲಿ ಎಸ್ಸೆಸ್ಸೆಲ್ಸಿಯ ಆರು ಪತ್ರಿಕೆಗಳ ವೇಳಾಪಟ್ಟಿ ಬರೆದುಕೊಂಡಿದ್ದಳು. ಮದುವೆಯ ದಿನ ಅದಕ್ಕಿಂತ ಮೂರು ವಾರ ಮೊದಲಿತ್ತು. ವರ ಗೌರಿಬಿದನೂರಿನ ಕಡೆಯವನು, ಅತ್ತೆಯ ಮಗ.

"ಆರು ಪೇಪರ್ ಬರೆದ್ರೆ ಸಾಕು ಮಿಸ್. ಆಮೇಲೆ ಏನಾದ್ರೂ ಆಗ್ಲಿ," ಎಂದಳು.

"ಆಮೇಲೂ ಏನೂ ಆಗೋಕೆ ಬಿಡಲ್ಲ."

ಅವಳು ರಫ್ ಪುಸ್ತಕ ಮುಚ್ಚಿದಳು. "ಆಪಾ ಹೇಳಿದ್ದು ಅಂತ ಅಪ್ಪಂಗೆ ಗೊತ್ತಾಗಲ್ಲ ಅಲ್ವಾ ಮಿಸ್?"

"ಇಲ್ಲ ಕಣೇ," ಎಂದೆ.

ಎರಡು ದಿನ ಬಿಟ್ಟು ಮಂಜುಳಾ ಮೇಡಂ, ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮತ್ತು ನಾನು ನಾರಾಯಣಪ್ಪನವರ ಮನೆಗೆ ಹೋದೆವು. ಮಧ್ಯಾಹ್ನದ ಬಿಸಿಲು. ಮನೆಯ ಮುಂದೆ ಟ್ಯಾಂಕರ್ ನಿಂತಿತ್ತು, ಅದರಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಕೋಳಿಗಳು ಸೇರಿದ್ದವು. ಸುತ್ತ ಮೂರೂ ಕಡೆ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳೆದ್ದು, ಹೆಂಚಿನ ಆ ಮನೆ ಬಾವಿಯ ತಳದಲ್ಲಿ ಕೂತಂತಿತ್ತು. ಮೇಡಂ ನೀರು ಕೇಳಿ ಕುಡಿದರು. ನಾನು ಕುಡಿಯಲಿಲ್ಲ.

ನಾರಾಯಣಪ್ಪ ಒರಟರಲ್ಲ. ಚಾಪೆ ಹಾಸಿ ಕೂರಿಸಿದರು. ಮದುವೆಯ ಮಾತೆತ್ತಿದಾಗ ಮಾತ್ರ ಅವರ ದವಡೆ ಬಿಗಿಯಿತು.

"ಮದ್ವೆ? ಯಾವ್ ಮದ್ವೆ ತಾಯಿ? ನಮ್ಮ ಎಣ್ಮಗು ಓದ್ತಾ ಅದೆ. ಯಾರೋ ಒಟ್ಟೆಕಿಚ್ಚಿಗೆ ಯೋಳವ್ರೆ."

"ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಬಹುದು, ಮುಹೂರ್ತದ ದಿನಾನೂ ಹೇಳ್ತಾರಾ?" ಎಂದೆ.

"ವಕೀಲಮ್ಮ, ನಿಧಾನ," ಎಂದು ಮೇಡಂ ನನ್ನ ಮೊಣಕೈ ಮುಟ್ಟಿದರು. ಆಮೇಲೆ ನಾರಾಯಣಪ್ಪನವರ ಕಡೆ ತಿರುಗಿ, "ಏನಣ್ಣಾ, ಏನ್ ಕಷ್ಟ ಬಂತು ಈ ವಯಸ್ಸಿಗೇ ಮದುವೆ ಮಾಡೋಕೆ?" ಎಂದು ಕೇಳಿದರು.

ಆಗ ಆ ಮನುಷ್ಯ ಒಳಗಿದ್ದದ್ದನ್ನು ಹೊರಗೆ ಹಾಕಿದರು. "ಕಸ್ಟ ಏನು ಅಂತೀರಾ? ನೋಡಿ ಮೇಲ್ಕೆ, ಈ ಕಿಟಕೀಗಳ ಒಳಗೆ ಯಾರವ್ರೆ ಅಂತ ನಂಗೊತ್ತಾ? ನಮ್ಮಪ್ಪನ ಕಾಲ್ದಾಗೆ ಈ ಬೀದಿಲಿ ಓಡಾಡೋರ ಎಸ್ರೆಲ್ಲ ಗೊತ್ತಿತ್ತು. ಈಗ ನಾನು ಬೆಳಿಗ್ಗೆ ಐದಕ್ಕೆ ಗಾಡಿ ಅತ್ತಿದ್ರೆ ಸಂಜೆ ಬರೋದು. ಅವಳು ಟ್ಯೂಸನ್‌ನಿಂದ ಬರೋ ಒತ್ನಾಗೆ ಯಾವನೋ ಬೈಕ್‌ನಾಗೆ ಇಂದಿಂದೇ ಬತ್ತಾನೆ. ಕಂಪ್ಲೇಂಟ್ ಕೊಟ್ರೆ ಮಗೀನ ಎಸ್ರೇ ಓಯ್ತದೆ. ನೀವು ಕಾಯ್ತೀರಾ ನನ್ನ ಮಗಳ್ನ? ದಿನಾ ಬಂದು ಕಾಯ್ತೀರಾ?"

ಈಗ ಬರೆಯುವಾಗ ಅನ್ನಿಸುತ್ತದೆ, ಅಂದಿನ ಇಡೀ ಮಾತುಕತೆಯಲ್ಲಿ ಉತ್ತರಕ್ಕೆ ಯೋಗ್ಯವಾಗಿದ್ದ ಪ್ರಶ್ನೆ ಅದೊಂದೇ. ಬೈಕಿನವನ ಬಗ್ಗೆ ಕಾನ್‌ಸ್ಟೆಬಲ್ಲಿಗೆ ಹೇಳಿ ಅಲ್ಲೇ ವಿವರ ಬರೆಸಬಹುದಿತ್ತು. ಟ್ಯೂಷನ್ ಮುಗಿದ ಮೇಲೆ ಯಾರಾದರೂ ಹೆಂಗಸರು ಜೊತೆಗೆ ಬರುವಂತೆ ಶಾಲೆಯವರೊಡನೆ ಏರ್ಪಾಡು ಮಾಡಬಹುದಿತ್ತು. ನಾನು ಆ ಪ್ರಶ್ನೆಯನ್ನು ವಿಷಯಾಂತರ ಎಂದು ತಳ್ಳಿಹಾಕಿದೆ. ಅದರೊಳಗೆ ಅವರು ಮದುವೆಯನ್ನು ಒಪ್ಪಿಕೊಂಡುಬಿಟ್ಟಿದ್ದಾರೆ ಎಂಬುದಷ್ಟೇ ನನಗೆ ಕಾಣಿಸಿತು.

"ಅಂದ್ರೆ ಮದುವೆ ನಿಜ ಅಂತಾಯ್ತು."

"ಮಾತುಕತೆ ಅಷ್ಟೆ ತಾಯಿ. ಅವಳ್ಗೆ ಅದಿನೆಂಟು ಆಗದೆ. ಸ್ಕೂಲ್ನೋರು ತಪ್ಪು ಬರ್ಕೊಂಡವ್ರೆ."

ಬಾಗಿಲ ಬಳಿ ಚೈತ್ರಾಳ ತಾಯಿ ಲಕ್ಷ್ಮಮ್ಮ ಸೆರಗು ಹಿಡಿದು ನಿಂತಿದ್ದರು. ಅವರ ಹಿಂದೆ, ಒಳಮನೆಯ ಕತ್ತಲಲ್ಲಿ ಎರಡು ಜಡೆ. ಅಷ್ಟರಲ್ಲಿ ಯಲಹಂಕದ ವಾಯುನೆಲೆಯ ವಿಮಾನವೊಂದು ಹೆಂಚು ನಡುಗುವಂತೆ ಮೇಲೆ ಹಾದುಹೋಯಿತು. ಎಲ್ಲರೂ ಬಾಯಿ ಮುಚ್ಚಿ ಕಾದೆವು. ಆ ಅರ್ಧ ನಿಮಿಷ ನನಗೆ ಯೋಚಿಸಲು ಸಿಕ್ಕ ಅವಕಾಶ. ನಾನು ಆ ಸಮಯದಲ್ಲಿ ವಾಕ್ಯ ಕಟ್ಟುತ್ತಿದ್ದೆ.

ಸದ್ದು ಅಡಗಿತು. ನಾನು ಲಕ್ಷ್ಮಮ್ಮನವರತ್ತ ತಿರುಗಿದೆ.

"ಹದಿನೆಂಟು ತುಂಬಿದ ಹುಡುಗಿಯಾದ್ರೆ, ರವಿಕೆಯ ಒಳಗೆ ಎರಡು ಬೆರಳು ಬಟ್ಟೆ ಬಿಡಿ, ಇನ್ನೂ ಬೆಳೀತಾಳೆ ಅಂತ ಯಾಕಮ್ಮ ಹೇಳಿದ್ರಿ? ಅವಳು ಇನ್ನೂ ಬೆಳೀತಿರೋ ಮಗು ಅನ್ನೋದು ನಿಮಗೇ ಗೊತ್ತಿತ್ತಲ್ವಾ?"

ಸ್ಪರ್ಧೆಯಲ್ಲಾದರೆ ಆ ಕ್ಷಣಕ್ಕೆ ಚಪ್ಪಾಳೆ ಬೀಳುತ್ತದೆ. ಲಕ್ಷ್ಮಮ್ಮ ನನ್ನನ್ನು ನೋಡಲಿಲ್ಲ. ಅವರ ಕಣ್ಣು ತೆರೆದ ಬಾಗಿಲಿನಿಂದ ರಸ್ತೆಯ ತಿರುವಿನ ಕಡೆಗೆ, ಮೂರು ಮಳಿಗೆಗಳ ಸಾಲಿನ ಕಡೆಗೆ ಹೋಗಿ ಅಲ್ಲೇ ನಿಂತಿತು. ಒಳಗಿದ್ದ ಜಡೆಗಳು ಸರಿದು ಹೋದವು.

ನಾರಾಯಣಪ್ಪ ಮುಚ್ಚಳಿಕೆ ಬರೆದುಕೊಟ್ಟರು. ನಮ್ಮ ಕೆಲಸದ ಕ್ರಮವೇ ಅದು. ಹದಿನೆಂಟು ತುಂಬುವವರೆಗೆ ಮಗಳ ಮದುವೆ ಮಾಡುವುದಿಲ್ಲ, ಮಾಡಿದರೆ ಕಾನೂನಿನ ಶಿಕ್ಷೆಗೆ ಬದ್ಧ ಎಂದು ಅಚ್ಚು ಹಾಕಿಸಿದ ನಮೂನೆ. ತಂದೆಯ ಹೆಸರು, ತಾಯಿಯ ಹೆಸರು, ಮಗುವಿನ ಶಾಲೆ, ಇಬ್ಬರು ಸಾಕ್ಷಿಗಳು. ವರನ ಊರು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ನಾನೂ ಕೇಳಲಿಲ್ಲ.

ಹೊರಗೆ ಬಂದಾಗ ಮಂಜುಳಾ ಮೇಡಂ ಮಂಡಿ ಒತ್ತಿಕೊಳ್ಳುತ್ತ ತಿರುವಿನವರೆಗೆ ನಡೆದರು. ಆಮೇಲೆ, "ಚೆನ್ನಾಗಿ ಮಾತಾಡ್ದೆ. ಸ್ವಲ್ಪ ಜಾಸ್ತೀನೇ ಚೆನ್ನಾಗಿ ಮಾತಾಡ್ದೆ ಕಣೇ," ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಚೈತ್ರಾಳನ್ನು ಹಾಜರುಪಡಿಸಿದೆವು. ಪರೀಕ್ಷೆ ಹತ್ತಿರವಿದೆ, ಮಗು ಮನೆಯಲ್ಲೇ ಇರಲಿ, ಕ್ಷೇತ್ರ ಕಾರ್ಯಕರ್ತೆ ಆಗಾಗ ಭೇಟಿ ಕೊಡಲಿ ಎಂದು ಸಮಿತಿ ಆದೇಶಿಸಿತು. ಆದೇಶದಲ್ಲಿ ತಪ್ಪಿರಲಿಲ್ಲ. ಆ ತಿಂಗಳ ಪರಿಶೀಲನಾ ಸಭೆಯಲ್ಲಿ 'ತಡೆದ ಬಾಲ್ಯವಿವಾಹ' ಎಂಬ ಕಾಲಮಿನ ಕೆಳಗೆ ಈ ಪ್ರಕರಣ ಸೇರಿತು. ಮೇಲಧಿಕಾರಿ ನನ್ನ ಹೆಸರೆತ್ತಿ ಮೆಚ್ಚಿದರು. ಮುಚ್ಚಳಿಕೆ ಕೈಗೆ ಬಂದ ದಿನವೇ ಮದುವೆ ನಿಂತಿತು ಎಂದು ಎಣಿಸುವುದು ನಮ್ಮಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

ಮಾರ್ಚ್ ಆರಂಭದಲ್ಲಿ ಭೇಟಿಗೆ ಹೋದಾಗ ಹೊಂಗೆ ಮರಗಳು ಚಿಗುರಿದ್ದವು, ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು. ಲಕ್ಷ್ಮಮ್ಮ ಮಜ್ಜಿಗೆ ಕೊಟ್ಟು ನಗುತ್ತಲೇ ಮಾತನಾಡಿದರು. ಚೈತ್ರಾ ತಾಯಿಯ ಪಕ್ಕದಲ್ಲೇ ಕುಳಿತು, "ಚೆನ್ನಾಗಿದ್ದೀನಿ ಮಿಸ್, ಓದ್ತಿದ್ದೀನಿ," ಎಂದಳು. ಅವಳನ್ನು ಒಬ್ಬಳನ್ನೇ ಮಾತನಾಡಿಸಬೇಕಿತ್ತು. ಮಾಡಲಿಲ್ಲ. 'ಮಗು ಕ್ಷೇಮವಾಗಿದೆ' ಎಂದು ಬರೆದುಕೊಂಡೆ.

ಹಿಂದಿರುಗುವಾಗ ಆಪಾ ಅವರಿಗೆ ಸಿಹಿಸುದ್ದಿ ಹೇಳೋಣವೆಂದು ಮಳಿಗೆಯ ಬಳಿ ಹೋದರೆ ಶಟರ್ ಎಳೆದಿತ್ತು. ಮೇಲಿದ್ದ ಬೋರ್ಡೂ ಇರಲಿಲ್ಲ. ಫೋನು ಮಾಡಿದೆ.

"ಬಾಗಲಗುಂಟೆಯಲ್ಲಿ ತಂಗಿ ಮನೇಲಿದ್ದೀನಿ ಬೇಟಾ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಹೋದ ಮಾರನೇ ದಿನಾನೇ ಲಕ್ಷ್ಮಮ್ಮ ಬಂದು ಬಟ್ಟೆ ವಾಪಸ್ ತಗೊಂಡ್ಲು. ಆಮೇಲೆ ಒಬ್ಬೊಬ್ರೇ ಬಂದು ಕೊಟ್ಟಿದ್ದ ಬಟ್ಟೆ ಎಲ್ಲಾ ಹೊಲೀದೇನೇ ತಗೊಂಡು ಹೋದ್ರು. ಮಳಿಗೆಯವ್ರು ತಿಂಗಳು ಮುಗಿಯೋದ್ರಲ್ಲಿ ಖಾಲಿ ಮಾಡಿ ಅಂದ್ರು. ಯಾರೂ ಜಗಳ ಆಡ್ಲಿಲ್ಲ. ಜಗಳ ಆಡಿದ್ರೆ ನಾನೂ ನಾಲ್ಕು ಮಾತು ಆಡ್ತಿದ್ದೆ."

"ಆಪಾ, ನಾನು ನಿಮ್ಮ ಹೆಸರು ಹೇಳ್ಲಿಲ್ಲ. ದೇವರಾಣೆ ಹೇಳ್ಲಿಲ್ಲ."

"ಗೊತ್ತು ಬೇಟಾ. ಹೆಸರೊಂದನ್ನ ಹೇಳ್ಲಿಲ್ಲ ನೀನು."

ಶಟರಿನ ಮುಂದೆ ನಿಂತಿದ್ದ ನನಗೆ ಮಂಜುಳಾ ಮೇಡಂ ಹೇಳಿದ್ದು ಆಗ ಅರ್ಥವಾಯಿತು. ಆ ಎರಡು ಬೆರಳು ಬಟ್ಟೆಯ ಮಾತನ್ನು ಲೋಕದಲ್ಲಿ ಬಲ್ಲವರು ಇಬ್ಬರೇ: ಹೇಳಿದ ತಾಯಿ, ಕೇಳಿಸಿಕೊಂಡ ದರ್ಜಿ. ಶಾಲೆಯ ದಾಖಲೆ ನನ್ನ ಚೀಲದಲ್ಲೇ ಇತ್ತು. ವಯಸ್ಸು ಸಾಬೀತು ಮಾಡಲು ಅದು ಧಾರಾಳವಾಗಿ ಸಾಕಿತ್ತು. ಆದರೆ ದಾಖಲೆ ತೋರಿಸಿ ಗೆಲ್ಲುವುದು ನನಗೆ ಸಾಲಲಿಲ್ಲ. ಅವರ ಮಾತಿನಿಂದಲೇ ಅವರನ್ನು ಗೆಲ್ಲಬೇಕಿತ್ತು.

ತಪ್ಪನ್ನು ಒಪ್ಪಿಕೊಂಡು ಮೇಲಧಿಕಾರಿಗೆ ಬರೆದುಕೊಟ್ಟೆ. "ಹೆಸರು ಹೇಳಿಲ್ಲವಲ್ಲ, ಬಿಡಿ" ಎಂದರು. ಆಪಾ ಅವರನ್ನು ಕಾಪಾಡುವ ಯಾವ ನಮೂನೆಯೂ ನಮ್ಮ ಕಪಾಟಿನಲ್ಲಿರಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ದಿನ ಕೇಂದ್ರದ ಗೇಟಿನ ಬಳಿ ಚೈತ್ರಾಳನ್ನು ದೂರದಿಂದ ಕಂಡೆ. ಲಕ್ಷ್ಮಮ್ಮ ಕೈಹಿಡಿದು ಕರೆತಂದು, ಮುಗಿಯುವವರೆಗೂ ಕಾಂಪೌಂಡಿನ ನೆರಳಲ್ಲಿ ಕೂತಿದ್ದರು. ಒಳ್ಳೆಯದೇ ಆಯಿತು, ತಾಯಿಯ ಮನಸ್ಸು ತಿರುಗಿದೆ ಎಂದುಕೊಂಡೆ. ನಾಲ್ಕು ಪತ್ರಿಕೆ ಹೀಗೇ ನಡೆದವು. ಐದನೆಯ ಪತ್ರಿಕೆ ಗಣಿತ. ಬೆಳಿಗ್ಗೆ ಹನ್ನೊಂದಕ್ಕೆ ಮುಖ್ಯೋಪಾಧ್ಯಾಯಿನಿಯವರ ಫೋನು ಬಂತು. "ಚೈತ್ರಾ ಬಂದಿಲ್ಲ. ಗಣಿತಕ್ಕೆ ಅವಳು ತಪ್ಪಿಸಲ್ಲ. ಏನೋ ಆಗಿದೆ."

ಆಟೋ ಹಿಡಿದು ಓಡಿದೆ. ಹೆಂಚಿನ ಮನೆಗೆ ಬೀಗ. ಟ್ಯಾಂಕರ್ ಇತ್ತು, ಕೋಳಿಗಳಿರಲಿಲ್ಲ. ಎದುರು ಮನೆಯವರು ಬಾಗಿಲು ಅರ್ಧ ತೆರೆದು, "ನಮ್ಗೊತ್ತಿಲ್ಲ" ಎಂದರು. ಪಕ್ಕದವರು "ಊರಿಗೋಗವ್ರೆ" ಎಂದರು. ಯಾವ ಊರು ಎಂದರೆ ಬಾಗಿಲು ಮುಚ್ಚಿತು. ಮಕ್ಕಳ ಸಹಾಯವಾಣಿಯ ಕರಪತ್ರ ಹಿಡಿದು ಜನವರಿಯಲ್ಲಿ ನಾನು ಹತ್ತಿದ ಒಂದೊಂದು ಜಗಲಿಯನ್ನೂ ಮತ್ತೆ ಹತ್ತಿ ಬೇಡಿಕೊಂಡೆ. ಹದಿನಾಲ್ಕು ಮನೆ. ಎಲ್ಲರಿಗೂ ಗೊತ್ತಿತ್ತು. ಅವರ ಮುಖದಲ್ಲಿ ಅದು ಕಾಣುತ್ತಿತ್ತು.

ಕೊನೆಯ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದರು. ತಲೆಯೆತ್ತದೆ ಮಾತನಾಡಿದರು.

"ನಾವು ಯೋಳುದ್ರೆ ನಾಳೀಕೆ ನೀನು ಬಂದು ನಮ್ಮ ಮಾತ್ನೇ ಬೀದೀಲಿ ಆಡ್ತೀಯ. ಆ ದರ್ಜಿಯಮ್ಮನ್ಗೆ ಆದಂಗೆ ನಮ್ಗೂ ಆಯ್ತದೆ. ಓಗವ್ವ."

"ಅಜ್ಜೀ, ಕಾಲಿಗೆ ಬೀಳ್ತೀನಿ. ಊರಿನ ಹೆಸರೊಂದು ಹೇಳಿ."

ಅಜ್ಜಿ ಬೀಜವೊಂದನ್ನು ಬೆರಳಿನಿಂದ ಚಿಮ್ಮಿಸಿದರು. "ಮೊನ್ನೆ ಆ ಕೂಸು ಮುಚ್ಚಿದ ಅಂಗ್ಡಿ ಮುಂದೆ ವಸಿ ಒತ್ತು ನಿಂತಿತ್ತು. ಸೆಟ್ರು ತಟ್ತು, ಎರಡ್ಸಲ. ಆಮೇಲೆ ಅವರವ್ವ ಬಂದು ಕರ್ಕೊಂಡೋದ್ಲು. ಇಷ್ಟೇ ನನ್ನ ಕಣ್ಣಿಗೆ ಬಿದ್ದಿದ್ದು."

ಅಲ್ಲಿಂದ ಸಂಜೆಯವರೆಗೆ ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ. ಪಕ್ಕದ ಜಿಲ್ಲೆಯ ಘಟಕಕ್ಕೆ, ಠಾಣೆಗೆ, ಅಲ್ಲಿನ ಅಧಿಕಾರಿಗಳಿಗೆ. ಎಲ್ಲರೂ ಸೌಜನ್ಯದಿಂದಲೇ ಕೇಳಿದ್ದು ಒಂದೇ: ಯಾವ ಹಳ್ಳಿ? ಹುಡುಗನ ಹೆಸರೇನು? ಯಾವ ದೇವಸ್ಥಾನ, ಯಾವ ಛತ್ರ? ಇಡೀ ತಾಲ್ಲೂಕನ್ನು ಹುಡುಕಿ ಎಂದರೆ ಎಲ್ಲಿಂದ ಹುಡುಕಬೇಕು? ಮುಚ್ಚಳಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಅದರಲ್ಲಿ ಎಲ್ಲರ ಸಹಿಯಿತ್ತು. ಮಂಜುಳಾ ಮೇಡಂ ನನ್ನ ಪಕ್ಕದಲ್ಲಿ ಕೂತು ತಮಗೆ ಗೊತ್ತಿದ್ದ ಅಂಗನವಾಡಿ ಕಾರ್ಯಕರ್ತೆಯರಿಗೆ ಒಬ್ಬೊಬ್ಬರಿಗೇ ಕರೆ ಮಾಡುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಪಾಗೂ ಫೋನು ಮಾಡಿದೆ, ಹುಡುಗನ ಊರನ್ನು ಚೈತ್ರಾ ಎಂದಾದರೂ ಹೇಳಿದ್ದಳೇ ಎಂದು. "ಇಲ್ಲ, ಹೇಳಿರ್ಲಿಲ್ಲ," ಎಂದರು. ಆಮೇಲೆ, "ನಾನು ಅಲ್ಲಿದ್ದಿದ್ರೆ ಓಡಿ ಬಂದು ನಂಗೆ ಹೇಳೋಳು ಬೇಟಾ," ಎಂದರು. ಶಟರ್ ತಟ್ಟಿದ ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಈ ಬರಹವನ್ನು ಅವರು ಓದಿದರೆ ಇಲ್ಲಿಯೇ ತಿಳಿಯುತ್ತದೆ.

ಚೈತ್ರಾ ಸಿಕ್ಕಿದ್ದು ಹನ್ನೆರಡು ದಿನಗಳ ಮೇಲೆ, ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಮೂಲಕ. ತಂದೆತಾಯಿಯರ ಜೊತೆಯಲ್ಲೇ ಸಮಿತಿಯ ಮುಂದೆ ಬಂದಳು. ಚೂಡಿದಾರ್ ಹಾಕಿಸಿದ್ದರು. ಕತ್ತಿನಲ್ಲಿ ಏನೂ ಇರಲಿಲ್ಲ, ಕಾಲ್ಬೆರಳುಗಳಲ್ಲಿ ಉಂಗುರ ತೆಗೆದ ಬಿಳಿಯ ಗುರುತಿತ್ತು. ಸಮಿತಿಯ ಸದಸ್ಯೆ ಎಷ್ಟು ಮೃದುವಾಗಿ ಕೇಳಿದರೂ, ತಂದೆತಾಯಿಯರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಿದರೂ, ಒಂದೇ ಉತ್ತರ: "ನಂಗೆ ಮದುವೆ ಆಗಿಲ್ಲ. ಅಜ್ಜಿಗೆ ಹುಷಾರಿರ್ಲಿಲ್ಲ ಅಂತ ಹೋಗಿದ್ದೆ."

ಆ ಮಾತನ್ನು ಅವಳಿಗೆ ಕಲಿಸಿದವರಾರು ಎಂದು ಎಲ್ಲರಿಗೂ ತಿಳಿದಿತ್ತು. ಆದರೆ ಅವಳು ನಿಜ ಹೇಳುವಳೆಂದು ನಾನು ಯಾವ ಮುಖದಲ್ಲಿ ನಿರೀಕ್ಷಿಸಲಿ? ಒಮ್ಮೆ ನಿಜ ಹೇಳಿದ್ದಳು. ಆ ನಿಜವನ್ನು ನಾವು ಏನು ಮಾಡಿದೆವೆಂದು ಕಣ್ಣಾರೆ ಕಂಡಿದ್ದಳು. ಬಾಲಕಿಯರ ಮಂದಿರದಲ್ಲಿ ಕೆಲವು ದಿನ ಇರುತ್ತೀಯಾ ಎಂದರೆ ತಲೆಯಾಡಿಸಿ ತಾಯಿಯ ಕೈ ಹಿಡಿದಳು. ಮದುವೆಗೆ ಸಾಕ್ಷಿಗಳಾರೂ ಮುಂದೆ ಬರಲಿಲ್ಲ, ಫೋಟೊ ಸಿಗಲಿಲ್ಲ. ಅವಳು ಸಿಕ್ಕ ಹಳ್ಳಿಯ ಗುಡಿಯ ಅರ್ಚಕರಿಗೆ ಅಂಥ ಮದುವೆಯ ನೆನಪಿರಲಿಲ್ಲ.

ಕಾರಿಡಾರಿನಲ್ಲಿ ಎದುರಾದಾಗ ನಾನು ಏನೂ ಕೇಳಲಿಲ್ಲ. ಅವಳೇ ನಿಂತಳು.

"ಆಪಾ ಎಲ್ಲಿದ್ದಾರೆ ಮಿಸ್?"

"ಬಾಗಲಗುಂಟೆಯಲ್ಲಿ."

"ನನ್ನ ಮೇಲೆ ಕೋಪ ಮಾಡ್ಕೊಂಡಿದ್ದಾರಾ?"

"ಇಲ್ಲ ಕಣೇ. ಕೋಪ ಇದ್ರೆ ನನ್ನ ಮೇಲೆ ಇರಬೇಕು."

"ಗಣಿತ ಈಸಿ ಇತ್ತಂತೆ," ಎಂದು ಹೇಳಿ ತಾಯಿಯ ಹಿಂದೆ ಮೆಟ್ಟಿಲಿಳಿದಳು.

ಜೂನ್ ಮಳೆ ಬರುವ ಹೊತ್ತಿಗೆ ಹೆಂಚಿನ ಮನೆ ಬಾಡಿಗೆಗೆ ಬಿದ್ದಿತ್ತು. ನಾರಾಯಣಪ್ಪನವರ ಫೋನು ಬಂದ್ ಆಗಿತ್ತು. ಪಕ್ಕದ ಜಿಲ್ಲೆಗೆ ಕಡತ ಕಳಿಸಿದೆವು. ವಿಳಾಸದಲ್ಲಿ ಇಲ್ಲ ಎಂದು ಅದು ಹಿಂದಿರುಗಿತು, ಮತ್ತೆ ಕಳಿಸಿದೆವು. ಎರಡು ವರ್ಷ ನಾನು ತಿಂಗಳಿಗೊಂದು ಪತ್ರ ಬರೆದೆ. ಕಳೆದ ಅಕ್ಟೋಬರಿನಲ್ಲಿ ಚೈತ್ರಾಗೆ ಹದಿನೆಂಟು ತುಂಬಿತು. ಅಲ್ಲಿಗೆ ಅವಳು ಕಾನೂನಿನ ಕಣ್ಣಿಗೆ ಮಗುವಲ್ಲ. 'ವಯಸ್ಸು ಪೂರ್ಣಗೊಂಡ ಕಾರಣ ಪ್ರಕರಣ ಮುಕ್ತಾಯ' ಎಂಬ ಷರಾ ಬರೆದು ಸಹಿ ಹಾಕಬೇಕಾದವಳು ನಾನೇ ಆಗಿದ್ದೆ. ಹಾಕಿದೆ. ಅವಳು ಎಲ್ಲಿದ್ದಾಳೆ, ಹೇಗಿದ್ದಾಳೆ, ಬದುಕಿದ್ದಾಳೆಯೇ, ನನಗೆ ಗೊತ್ತಿಲ್ಲ.

ನಾನು ಕಾನೂನಿನ ಮೇಲಿನ ನಂಬಿಕೆ ಬಿಟ್ಟಿಲ್ಲ. ಬಿಟ್ಟಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆದರೆ ಕಾನೂನು ತಾನಾಗಿ ಯಾವ ಮನೆಯ ಬಾಗಿಲನ್ನೂ ಎರಡನೆಯ ಸಲ ತಟ್ಟುವುದಿಲ್ಲ. ಮೊದಲ ಸಲ ತಟ್ಟಿದ ನಾವು ಕಾಗದ ತೆಗೆದುಕೊಂಡು ಹಿಂದಿರುಗುತ್ತೇವೆ. ಆ ಫೆಬ್ರವರಿಯಿಂದ ಆ ಏಪ್ರಿಲ್‌ವರೆಗೆ, ಸಿಂಗಾಪುರದಿಂದ ಯಾರಾದರೂ ಒಬ್ಬರು ನಮ್ಮ ಕಚೇರಿಗೆ ಕರೆ ಮಾಡಿ ಮಗು ಎಲ್ಲಿದೆ ಎಂದು ಕೇಳಿದ್ದರೆ ನಾನು ಓಡುತ್ತಿದ್ದೆ. ಕೇಳಬಲ್ಲವರ ಬಾಯನ್ನು ನಾನೇ ಕಟ್ಟಿದ್ದೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಸುತ್ತ ಮಗುವೊಂದರ ಮದುವೆ ನಡೆಯಲಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿಗೆ ತಿಳಿಸಿ. ನಿಮ್ಮ ಹೆಸರು ಹೇಳಬೇಕಾಗಿಲ್ಲ. ನಿಮ್ಮಿಂದ ಮಾತ್ರ ತಿಳಿಯಬಹುದಾದ ವಿವರ ಯಾವುದು ಎಂದು ಸ್ಪಷ್ಟವಾಗಿ ಹೇಳಿ, ಅದನ್ನು ಆ ಮನೆಯಲ್ಲಿ ಎತ್ತಬಾರದೆಂದು ನನ್ನಂಥವರಿಂದ ಮಾತು ತೆಗೆದುಕೊಳ್ಳಿ. ಅಧಿಕಾರಿಗಳು ಬಂದು ಹೋದರು, ಮದುವೆ ನಿಂತಿತು ಎಂದು ಸುದ್ದಿಯಾದ ಮೇಲೆ ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಕರೆ ಮಾಡಿ. ಅದರ ಮುಂದಿನ ತಿಂಗಳೂ ಮಾಡಿ. ನಮಗೆ ಬೇಸರವಾಗುವಷ್ಟು ಸಲ ಮಾಡಿ. ಮುಚ್ಚಳಿಕೆ ಇದೆಯೇ ಎಂದು ಕೇಳಬೇಡಿ. ಮಗು ಇವತ್ತು ಎಲ್ಲಿದೆ, ಕೊನೆಯ ಸಲ ಯಾರು ನೋಡಿದ್ದು ಎಂದು ಕೇಳಿ.